ಅವಸರವಿಲ್ಲದ ಅಂತರಿಕ್ಷ: ‘ಸಾಗಾ’ ಕಾಮಿಕ್ಸಿನ ನಡೆ ಮತ್ತು ಅದರ ತಪ್ಪುಗಾರ ನಾಯಕರು

ಬಾಹ್ಯಾಕಾಶದ ಸಾಹಸಕತೆಗೆ ವೇಗವೇ ಪ್ರಾಣ ಎಂಬ ನಂಬಿಕೆ ಹಳೆಯದು. 1934ರ ಜನವರಿಯಲ್ಲಿ ಅಮೆರಿಕದ ಪತ್ರಿಕೆಗಳ ಭಾನುವಾರದ ಪುಟಗಳಲ್ಲಿ ಅಲೆಕ್ಸ್ ರೇಮಂಡ್ ಅವರ ‘ಫ್ಲ್ಯಾಶ್ ಗಾರ್ಡನ್’ ಆರಂಭವಾದಾಗ ಅದಕ್ಕೆ ವಾರಕ್ಕೊಮ್ಮೆ ಮಾತ್ರ ಜಾಗ ಸಿಗುತ್ತಿತ್ತು. ಇಂಥ ಏರ್ಪಾಟಿನಲ್ಲಿ ಪುಟದ ಕೊನೆಗೆ ನಾಯಕನ ತಲೆಯ ಮೇಲೆ ಏನಾದರೊಂದು ಅಪಾಯ ಎರಗಬೇಕು, ಮುಂದಿನ ವಾರ ಅವನು ಅದರಿಂದ ಪಾರಾಗಬೇಕು. ಹೀಗೆ ಅಪಾಯದಿಂದ ಅಪಾಯಕ್ಕೆ ಓಡುವ ನಾಯಕನಿಗೆ ತಪ್ಪು ಮಾಡಲು ಪುರುಸೊತ್ತು ಇರುವುದಿಲ್ಲ. ತಪ್ಪು ಮಾಡಿದ ಗಳಿಗೆಯಲ್ಲೇ ಅದು ಮುಗಿದುಹೋಗುವುದಿಲ್ಲವಲ್ಲ. ಅದು ಬೆಳೆಯುವುದಕ್ಕೆ, ಬೇರೆಯವರ ಬದುಕನ್ನು ತಟ್ಟುವುದಕ್ಕೆ, ಎಲ್ಲರೂ ಮರೆತ ಮೇಲೆ ಹಿಂದಿರುಗಿ ಬರುವುದಕ್ಕೆ ಕಾಲ ಬೇಕು. ದೋಷವುಳ್ಳ ನಾಯಕನನ್ನು ನಂಬುವಂತೆ ಚಿತ್ರಿಸಬೇಕೆಂದರೆ ಕತೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು.

ಹಾಗೆ ನಿಲ್ಲುವ ಧೈರ್ಯ ಮಾಡಿದ ಕೃತಿಯೊಂದನ್ನು ಈ ಉಪನ್ಯಾಸಕ್ಕೆ ಆರಿಸಿಕೊಂಡಿದ್ದೇನೆ. ಬ್ರಯಾನ್ ಕೆ. ವಾನ್ ಬರೆದು, ಕೆನಡಾದ ಫಿಯೋನಾ ಸ್ಟೇಪಲ್ಸ್ ಚಿತ್ರಿಸಿದ ‘ಸಾಗಾ’ 2012ರ ಮಾರ್ಚಿನಲ್ಲಿ ಇಮೇಜ್ ಕಾಮಿಕ್ಸ್ ಮೂಲಕ ಹೊರಬರತೊಡಗಿತು. ಅದರ ಮೊದಲ ಸಂಪುಟಕ್ಕೆ 2013ರಲ್ಲಿ ವಿಜ್ಞಾನಕಥಾಲೋಕದ ಹ್ಯೂಗೊ ಪ್ರಶಸ್ತಿ ಬಂತು. 2013ರಿಂದ 2015ರವರೆಗೆ ಮೂರು ವರ್ಷ ಸತತವಾಗಿ ಅತ್ಯುತ್ತಮ ಧಾರಾವಾಹಿಗೆಂದು ಕಾಮಿಕ್ಸ್ ಲೋಕದ ಐಸ್ನರ್ ಪ್ರಶಸ್ತಿ ಬಂತು. ಒಟ್ಟು 108 ಸಂಚಿಕೆಗಳಲ್ಲಿ ಮುಗಿಯಬೇಕೆಂಬ ಯೋಜನೆಯ ಈ ಕತೆಯ ಸಾವುಗಳನ್ನು ಮುಚ್ಚಿಟ್ಟುಕೊಂಡು ಅದರ ನಡೆಯ ಬಗ್ಗೆ ಮಾತನಾಡುವುದು ಸಾಧ್ಯವಿಲ್ಲವಾದ್ದರಿಂದ, ಇನ್ನೂ ಓದದವರು ನನ್ನನ್ನು ಮನ್ನಿಸಬೇಕು. ಇದು ಮಕ್ಕಳ ಕೈಗೆ ಕೊಡುವ ಪುಸ್ತಕವಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅದರ ಮೊದಲ ಪುಟದ ಮೊದಲ ಮಾತನ್ನು ಸಭೆಯಲ್ಲಿ ಉಚ್ಚರಿಸುವಂತಿಲ್ಲ.

ಕತೆಯ ತಿರುಳು ಇಷ್ಟು. ಲ್ಯಾಂಡ್‌ಫಾಲ್ ಎಂಬ ದೊಡ್ಡ ಗ್ರಹದ ರೆಕ್ಕೆಯುಳ್ಳ ಜನರಿಗೂ ಅದರ ಚಂದ್ರ ರೀತ್‌ನ ಕೊಂಬುಳ್ಳ ಜನರಿಗೂ ಯುದ್ಧ. ಒಂದನ್ನು ಸರ್ವನಾಶ ಮಾಡಿದರೆ ಇನ್ನೊಂದು ತನ್ನ ಕಕ್ಷೆ ತಪ್ಪಿ ಹೋಗುತ್ತದೆಂಬ ಭಯದಿಂದ ಇಬ್ಬರೂ ಆ ಯುದ್ಧವನ್ನು ಪರರ ಗ್ರಹಗಳಿಗೆ ಸಾಗಹಾಕಿದ್ದಾರೆ. ಅಂಥ ಒಂದು ಗ್ರಹದಲ್ಲಿ ಸೆರೆಯಾಳಾಗಿದ್ದ ಮಾರ್ಕೊ ಎಂಬ ರೀತ್‌ನ ಯೋಧನನ್ನು ಕಾವಲುಗಾರ್ತಿ ಅಲಾನಾ ಪ್ರೀತಿಸಿ, ಭೇಟಿಯಾದ ಹನ್ನೆರಡೇ ಗಂಟೆಗಳಲ್ಲಿ ಅವನೊಂದಿಗೆ ಓಡಿಹೋಗುತ್ತಾಳೆ. ಅವರ ಮಗಳು ಹೇಝಲ್‌ಗೆ ಕೊಂಬೂ ಉಂಟು, ರೆಕ್ಕೆಯೂ ಉಂಟು. ಶತ್ರುಗಳಿಬ್ಬರೂ ಬೆರೆತು ಬಾಳಬಲ್ಲರು ಎಂಬುದಕ್ಕೆ ಸಾಕ್ಷಿಯಾದ ಈ ಕೂಸು ಎರಡೂ ಸರ್ಕಾರಗಳಿಗೆ ಬೇಡವಾಗಿದೆ. ಮೊದಲ ಸಂಚಿಕೆ ಆರಂಭವಾಗುವುದು ಹೆರಿಗೆಯಿಂದ. ಆಮೇಲಿನದೆಲ್ಲ ಆ ಸಂಸಾರದ ಪಲಾಯನ.

ಪಲಾಯನದ ಕತೆಯಾದುದರಿಂದ ಓಟ ಇದ್ದೇ ಇದೆ. ಆದರೆ ಆ ಓಟ ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಲ್ಲಿ ಈ ಕೃತಿಯ ನಿಜವಾದ ಕಸುಬು ಅಡಗಿದೆ ಎಂಬುದು ನನ್ನ ವಾದ. ಕಥನದ ನಡೆ ಬೇರೆ, ಪಾತ್ರಗಳ ದೋಷ ಬೇರೆ ಎಂದು ವಿಮರ್ಶಕರು ಎರಡು ಅಧ್ಯಾಯಗಳಲ್ಲಿ ಬರೆಯುವುದುಂಟು. ‘ಸಾಗಾ’ದಲ್ಲಿ ಹಾಗೆ ಬೇರ್ಪಡಿಸಲಾಗದು. ಇಲ್ಲಿ ಕತೆ ನಿಧಾನವಾದಾಗಲೆಲ್ಲ ಯಾರದೋ ದೋಷ ಕೆಲಸ ಮಾಡುತ್ತಿರುತ್ತದೆ, ಕತೆ ವೇಗ ಪಡೆದಾಗಲೆಲ್ಲ ಹಿಂದೆಂದೋ ಆದ ತಪ್ಪಿನ ಫಲ ಬಂದು ಮುಟ್ಟಿರುತ್ತದೆ.

ಮೊದಲು ಹೊರಗಿನ ರೂಪವನ್ನು ನೋಡೋಣ. ಮಾಮೂಲಿ ಸಂಚಿಕೆಗೆ ಇಪ್ಪತ್ತೆರಡು ಪುಟದಷ್ಟು ಕತೆ. ಆರು ಸಂಚಿಕೆ ಕಳೆದರೆ ಒಂದು ಕಥಾಘಟ್ಟ ಮುಗಿದು, ಅದು ಸಂಪುಟವಾಗಿ ಅಚ್ಚಾಗಿ, ಮುಂದಿನ ಘಟ್ಟಕ್ಕೆ ಮೊದಲು ಕೆಲವು ತಿಂಗಳ ಬಿಡುವು. ಅಮೆರಿಕದ ಮಾಸಿಕ ಕಾಮಿಕ್ಸ್ ಉದ್ಯಮದಲ್ಲಿ ಸಾಮಾನ್ಯವಾಗಿ ಪೆನ್ಸಿಲಿನವರು, ಶಾಯಿಯವರು, ಬಣ್ಣದವರು ಬೇರೆ ಬೇರೆ. ಗಡುವು ತಪ್ಪುವಂತಿದ್ದರೆ ಇನ್ನೊಬ್ಬ ಚಿತ್ರಕಾರನನ್ನು ತಂದು ಸಂಚಿಕೆ ತುಂಬಿಸುವುದೂ ಉಂಟು. ಸ್ಟೇಪಲ್ಸ್ ರೇಖೆ, ಬಣ್ಣ, ಹಿನ್ನೆಲೆ ಎಲ್ಲವನ್ನೂ ಒಬ್ಬರೇ ಮಾಡುತ್ತಾರೆ, ಅವರ ಬದಲಿಗೆ ಇನ್ನೊಬ್ಬರು ಬಂದದ್ದಿಲ್ಲ. ಹೀಗಾಗಿ ಬಿಡುವು ಮೊದಲು ಹುಟ್ಟಿದ್ದು ಕೈಯ ದುಡಿಮೆಯ ಅಗತ್ಯದಿಂದ. ಆದರೆ ಆ ಅಗತ್ಯವನ್ನು ವಾನ್ ಕಥನಕ್ಕೆ ದುಡಿಸಿಕೊಂಡರು: ಘಟ್ಟಗಳ ನಡುವಿನ ಬಿಡುವಿನಲ್ಲಿ ಹಲವು ಸಲ ಪಾತ್ರಗಳಿಗೂ ವಯಸ್ಸಾಗುತ್ತದೆ. ಮೂರನೆಯ ಸಂಪುಟದಲ್ಲಿ ಎದೆಗವಚಿಕೊಂಡಿದ್ದ ಕೂಸು ನಾಲ್ಕನೆಯದರಲ್ಲಿ ತಪ್ಪುಹೆಜ್ಜೆ ಇಡುತ್ತಿರುತ್ತದೆ, ಆರನೆಯದರಲ್ಲಿ ಶಿಶುವಿಹಾರದ ಹುಡುಗಿಯಾಗಿರುತ್ತದೆ. ವಾರಪತ್ರಿಕೆಯ ಧಾರಾವಾಹಿಗೆ ಕಾದು ಓದಿದ ತಲೆಮಾರಿನ ನಮಗೆ ಕಾಯುವಿಕೆ ಗೊತ್ತು. ಆದರೆ ಅಲ್ಲಿ ನಾವು ಕಾಯುತ್ತಿದ್ದಾಗ ಕತೆ ಬಿಟ್ಟ ಜಾಗದಲ್ಲೇ ನಿಂತಿರುತ್ತಿತ್ತು.

ಎರಡನೆಯ ಅಂಶ ನಿರೂಪಕಿಯ ದನಿ. ಕತೆ ಹೇಳುವವಳು ಬೆಳೆದು ದೊಡ್ಡವಳಾದ ಹೇಝಲ್. ಅವಳ ಮಾತುಗಳು ಚೌಕದೊಳಗೆ ಅಚ್ಚಕ್ಷರದಲ್ಲಿ ಬರುವುದಿಲ್ಲ. ಸ್ಟೇಪಲ್ಸ್ ತಮ್ಮದೇ ಕೈಬರಹದಲ್ಲಿ ಅವನ್ನು ಚಿತ್ರದ ಮೇಲೆ ನೇರವಾಗಿ ಬರೆಯುತ್ತಾರೆ. ಹೇಝಲ್ ಹೇಳುತ್ತಿದ್ದಾಳೆಂದ ಮೇಲೆ ಹೇಝಲ್ ಬದುಕಿ ಉಳಿದಳೆಂದಾಯಿತು. ಬೆನ್ನಟ್ಟುವ ಕತೆಯೊಂದರ ದೊಡ್ಡ ಕುತೂಹಲವನ್ನು, ಅಂದರೆ ಮಗು ಉಳಿಯುತ್ತದೆಯೇ ಎಂಬುದನ್ನು, ಲೇಖಕರು ಮೊದಲ ಸಂಚಿಕೆಯಲ್ಲೇ ಬಿಟ್ಟುಕೊಟ್ಟಿದ್ದಾರೆ. ಉಳಿದ ಪ್ರಶ್ನೆ, ಆ ಮಗುವಿನ ಜೊತೆಗೆ ಇನ್ಯಾರು ಉಳಿಯುತ್ತಾರೆ, ಉಳಿಯದವರು ಯಾರ ತಪ್ಪಿನಿಂದ ಹೋಗುತ್ತಾರೆ ಎಂಬುದು. ನಾಲ್ಕನೆಯ ಸಂಪುಟದ ಆರಂಭದ ಸಂಚಿಕೆಯ ಕೊನೆಯಲ್ಲಿ ಹೇಝಲ್, ತನ್ನ ತಂದೆತಾಯಿ ಬೇರೆಯಾದ ಕತೆಯಿದು ಎಂದು ಮುಂಚೆಯೇ ಹೇಳಿಬಿಡುತ್ತಾಳೆ. ಕೊನೆ ಏನಾಗುತ್ತದೆಂದು ತಿಳಿದಿದ್ದೂ ಮಹಾಭಾರತದ ಕತೆಗೆ ಕಿವಿಗೊಡುವ ನಮ್ಮ ಜನಕ್ಕೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ಆ ಒಂದು ಸಾಲಾದ ಮೇಲೆ ಗಂಡಹೆಂಡಿರ ನಡುವಣ ಪ್ರತಿ ಸಣ್ಣ ಮಾತಿನ ಮೇಲೂ ಓದುಗರ ಕಣ್ಣು ನೆಡುತ್ತದೆ. ಪಾತ್ರೆ ತೊಳೆಯುವುದು, ಕೆಲಸದಿಂದ ತಡವಾಗಿ ಬರುವುದು, ಮಗುವನ್ನು ಯಾರು ನೋಡಿಕೊಳ್ಳಬೇಕೆಂಬ ಕಿರಿಕಿರಿ, ಇವೆಲ್ಲ ಬಾಂಬಿನಷ್ಟೇ ಆತಂಕ ಹುಟ್ಟಿಸುತ್ತವೆ. ಘಟನೆಗಳು ಸಣ್ಣವು, ನಡೆ ನಿಧಾನ, ಆದರೂ ಪುಟ ಮಗುಚುವ ಅವಸರ ಕಡಿಮೆಯಾಗುವುದಿಲ್ಲ.

ಇದೇ ತಂತ್ರದ ಇನ್ನೊಂದು ರೂಪ ಹನ್ನೆರಡು ಮತ್ತು ಹದಿಮೂರನೆಯ ಸಂಚಿಕೆಗಳ ನಡುವೆ ಸಿಗುತ್ತದೆ. ಅಲಾನಾ ಮತ್ತು ಮಾರ್ಕೊ ಇಬ್ಬರಿಗೂ ಪ್ರಿಯವಾದ ಒಂದು ಪ್ರೇಮಕಾದಂಬರಿಯ ಲೇಖಕ ಹೈಸ್ಟ್ ದೂರದ ಗ್ರಹವೊಂದರ ದೀಪಸ್ತಂಭದಲ್ಲಿ ಒಂಟಿಯಾಗಿ ಬದುಕುತ್ತಿದ್ದಾನೆ; ಸಂಸಾರ ಅವನ ಆಶ್ರಯ ಅರಸಿ ಹೊರಟಿದೆ. ಹನ್ನೆರಡನೆಯ ಸಂಚಿಕೆಯಲ್ಲಿ ಅವರ ಬೆನ್ನು ಹತ್ತಿರುವ ಬೇಟೆಗಾರ, ಟೆಲಿವಿಷನ್ ತಲೆಯ ರಾಜಕುಮಾರ ರೋಬಟ್, ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿದನೆಂದು ನಾವು ಭಾವಿಸುತ್ತೇವೆ. ಅವನು ಮುದುಕನನ್ನು ಕೂರಿಸಿ ವಿಚಾರಿಸುತ್ತಾನೆ. ಕೊನೆಯ ಪುಟ ಮಗುಚಿದರೆ, ಸಂಸಾರವೆಲ್ಲ ಅದೇ ಮನೆಯ ಮೇಲಟ್ಟದಲ್ಲಿ ಉಸಿರು ಬಿಗಿಹಿಡಿದು ಕುಳಿತಿದೆ. ಅದು 2013ರ ಏಪ್ರಿಲ್. ಮುಂದಿನ ಸಂಚಿಕೆ ಬಂದದ್ದು ಆಗಸ್ಟಿನಲ್ಲಿ, ಬಂದಾಗ ಅದು ಆ ಅಟ್ಟದಿಂದ ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೆ ಹೋಯಿತು. ಅವರು ಆ ಮನೆಗೆ ಬಂದ ದಿನದಿಂದ ಕತೆ ಮತ್ತೆ ಶುರುವಾಗುತ್ತದೆ. ಊಟ, ಹರಟೆ, ಮೇಜಿನ ಮೇಲಿನ ಆಟ, ಗಂಡನನ್ನು ಕಳೆದುಕೊಂಡ ಮಾರ್ಕೊನ ತಾಯಿ ಕ್ಲಾರಾ ಮತ್ತು ಮುದುಕ ಹೈಸ್ಟ್ ನಡುವೆ ಹುಟ್ಟುವ ಸಲುಗೆ. ಬೇಟೆಗಾರ ಬಾಗಿಲು ತಟ್ಟುವುದು ಖಚಿತವೆಂದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಸೋಮಾರಿತನವೆಂದು ಕಾಣಬಹುದಾಗಿದ್ದ ಐದು ಸಂಚಿಕೆಗಳ ನಿಧಾನಕ್ಕೆ ಹೀಗೆ ಒಂದು ಪುಟದ ಸಾಲವನ್ನು ಮುಂಗಡವಾಗಿ ತಂದು ಹೂಡಲಾಗಿದೆ.

ಈಗ ತಪ್ಪುಗಳಿಗೆ ಬರುತ್ತೇನೆ. ಮಾರ್ಕೊ ಹಿಂಸೆಯನ್ನು ಬಿಟ್ಟುಬಿಟ್ಟೆನೆಂದು ಪ್ರತಿಜ್ಞೆ ಮಾಡಿದವನು. ಆ ಪ್ರತಿಜ್ಞೆ ಅವನ ಶೀಲದ ಭೂಷಣವೆಂದು ಮೊದಲು ತೋರುತ್ತದೆ. ಕ್ರಮೇಣ ಅದು ಅವನಿಗೆ ತನ್ನ ಮೇಲೆಯೇ ಇರುವ ಭಯವೆಂದು ತಿಳಿಯುತ್ತದೆ. ಕತ್ತಿ ಹಿರಿದಾಗ ಅವನು ಎಷ್ಟು ಕೈಚಳಕದವನೋ ಅಷ್ಟೇ ವಶ ತಪ್ಪಿದವನು. ಆದರೆ ಅವನ ಬದುಕನ್ನು ಬುಡಮೇಲು ಮಾಡುವ ಹಿಂಸೆ ರಣರಂಗದಲ್ಲಿ ನಡೆಯುವುದಿಲ್ಲ. ನಾಲ್ಕನೆಯ ಸಂಪುಟದಲ್ಲಿ ಸಂಸಾರ ಗಾರ್ಡೇನಿಯಾ ಎಂಬ ಗ್ರಹದಲ್ಲಿ ತಲೆಮರೆಸಿಕೊಂಡಿದೆ. ಅಲಾನಾ ಮುಖವಾಡ ಧರಿಸಿ ಕಾನೂನಿಗೆ ಹೊರತಾದ ಒಂದು ಧಾರಾವಾಹಿಯಲ್ಲಿ ನಟಿಸಿ ದುಡಿಯುತ್ತಾಳೆ, ಆ ಕೆಲಸದ ಬೇಸರ ನೀಗಲು ಮಾದಕವಸ್ತು ಸೇವಿಸತೊಡಗುತ್ತಾಳೆ. ಮಾರ್ಕೊ ಮನೆಯಲ್ಲಿ ಮಗು ನೋಡಿಕೊಳ್ಳುತ್ತ, ಮಗುವಿನ ನೃತ್ಯಶಿಕ್ಷಕಿಯ ಕಡೆಗೆ ಮನಸ್ಸು ಹರಿಯಬಿಡುತ್ತಾನೆ. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಾದ ದಿನ ಜಗಳವಾಗಿ, ಮಾರ್ಕೊ ಕೈಯಲ್ಲಿದ್ದ ದಿನಸಿಯ ಚೀಲವನ್ನು ಹೆಂಡತಿಯತ್ತ ಬೀಸಿ ಎಸೆಯುತ್ತಾನೆ.

ಈ ದೃಶ್ಯವನ್ನು ಸ್ಟೇಪಲ್ಸ್ ಚಿತ್ರಿಸಿರುವ ಬಗೆಯನ್ನು ಗಮನಿಸಬೇಕು. ಅವರ ಪುಟದಲ್ಲಿ ಚೌಕಟ್ಟುಗಳು ಕಡಿಮೆ, ಅವು ಅಡ್ಡಲಾಗಿ ಅಗಲವಾಗಿರುತ್ತವೆ. ಹಿನ್ನೆಲೆಯನ್ನು ಗೆರೆಯಿಲ್ಲದೆ ಬಣ್ಣದಲ್ಲೇ ಬಿಡಿಸಿ, ಪಾತ್ರಗಳಿಗೆ ಮಾತ್ರ ಗೆರೆ ಕೊಡುವ ಪದ್ಧತಿ ಅನಿಮೇಷನ್ ಚಿತ್ರಗಳನ್ನು ನೆನಪಿಸುತ್ತದೆ. ಕಣ್ಣು ಹಿನ್ನೆಲೆಯಲ್ಲಿ ಅಲೆಯದೆ ಮುಖದ ಮೇಲೆ ನಿಲ್ಲುತ್ತದೆ. ಎಂಥೆಂಥ ರಾಕ್ಷಸರನ್ನೂ ಗ್ರಹಗಳನ್ನೂ ಕಲ್ಪಿಸಬಲ್ಲ ಈ ಕಲಾವಿದೆಯ ದೊಡ್ಡ ಶಕ್ತಿ, ನನ್ನ ಅಭಿಪ್ರಾಯದಲ್ಲಿ, ತನ್ನಿಂದ ಏನಾಗಿಹೋಯಿತೆಂದು ಆಗತಾನೆ ಅರಿತವನ ಮುಖವನ್ನು ಬರೆಯುವುದರಲ್ಲಿದೆ.

ಅಲಾನಾ ಅವನನ್ನು ಹೊರಗೆ ಕಳಿಸುತ್ತಾಳೆ. ಅವನು ಹೊರಗಿರುವಾಗಲೇ, ಚಿಕಿತ್ಸೆ ಎಟುಕದೆ ತನ್ನ ಮಗನನ್ನು ಕಳೆದುಕೊಂಡು ರಾಜಕುಮಾರನ ಶಿಶುವನ್ನು ಅಪಹರಿಸಿರುವ ಡೆಂಗೊ ಎಂಬ ಬಡ ರೋಬಟ್ ಬಂದು, ಅಲಾನಾ, ಹೇಝಲ್ ಮತ್ತು ಕ್ಲಾರಾ ಇರುವ ನೌಕೆಯನ್ನೇ ಹಾರಿಸಿಕೊಂಡು ಹೋಗುತ್ತಾನೆ. ಅಲಾನಾ ನಟಿಸುತ್ತಿದ್ದ ಆ ಧಾರಾವಾಹಿಯ ನಂಟಿನಿಂದಲೇ ಅವನು ಇವರನ್ನು ಮುಟ್ಟಿದ್ದು. ಮುಂದಿನ ಸಂಪುಟದ ಬೆನ್ನಟ್ಟುವಿಕೆ, ಮಗು ಮತ್ತು ಅಜ್ಜಿ ಲ್ಯಾಂಡ್‌ಫಾಲ್‌ನ ಸೆರೆಗೆ ಬೀಳುವುದು, ಸಂಸಾರ ವರ್ಷಗಟ್ಟಲೆ ಹಂಚಿಹೋಗುವುದು, ಇವೆಲ್ಲಕ್ಕೂ ಮೂಲ ಒಂದು ದಿನಸಿ ಚೀಲ ಮತ್ತು ಒಂದು ಚಿಟಿಕೆ ಮದ್ದು. ಮಾಮೂಲಿ ಸಾಹಸಕತೆಯಲ್ಲಿ ಖಳನ ಬಲದಿಂದ ಆಗುವ ಅನಾಹುತ ಇಲ್ಲಿ ಗಂಡಹೆಂಡಿರ ಮುಂಗೋಪದಿಂದ ಆಗಿದೆ. ಅದನ್ನು ನಾವು ಒಪ್ಪುವುದು ಅದರ ಹಿಂದಿನ ಮೂರುನಾಲ್ಕು ಸಂಚಿಕೆಗಳಲ್ಲಿ ಅಂತರಿಕ್ಷದ ಯಾವ ಸಂಗತಿಯೂ ನಡೆಯದೆ ಬರೀ ಸಂಸಾರ ನಡೆದದ್ದರಿಂದ. ಈ ಸಂಪುಟವನ್ನು ಜಾಳೆಂದು ದೂರಿದ ಓದುಗರಿದ್ದಾರೆ. ನನಗೆ ಇಡೀ ಸರಣಿಯ ಬೆನ್ನೆಲುಬು ಇದೇ.

ಇನ್ನೊಂದು ತಪ್ಪು ಇದಕ್ಕಿಂತ ಉದ್ದದ್ದು. ಐದನೆಯ ಸಂಚಿಕೆಯಲ್ಲಿ ರಾಜಕುಮಾರ ರೋಬಟ್, ಇದೇ ಬೇಟೆಗೆ ಇಳಿದಿರುವ ದಿ ಸ್ಟಾಕ್ ಎಂಬ ಜೇಡದ ಮೈಯ ಸುಪಾರಿ ಹಂತಕಿಯನ್ನು ಎದುರುಗೊಳ್ಳುತ್ತಾನೆ. ಯುದ್ಧದ ಭೀಕರತೆಯಿಂದ ಆಗಲೇ ಮನಸ್ಸು ಕೆಟ್ಟಿರುವ ಅವನು, ಅವಳು ಫೋನಿಗೆ ಕೈಹಾಕಿದ್ದನ್ನು ಆಯುಧಕ್ಕೆ ಕೈಹಾಕಿದಳೆಂದು ತಿಳಿದು ಗುಂಡು ಹಾರಿಸಿಬಿಡುತ್ತಾನೆ. ಕರೆ ಮಾಡುತ್ತಿದ್ದವನು ಅವಳ ಹಳೆಯ ಪ್ರಿಯಕರ, ಇನ್ನೊಬ್ಬ ಹಂತಕ ದಿ ವಿಲ್. ಇಲ್ಲಿ ದುಷ್ಟ ಸಂಕಲ್ಪವಿಲ್ಲ. ಬೆದರಿದ ಮನುಷ್ಯನ ಬೆರಳು ಅಲುಗಿತು, ಅಷ್ಟೆ. ಅದು 2012. ದಿ ವಿಲ್ ಆ ಸೇಡನ್ನು ಹೊತ್ತು ಸರಣಿಯುದ್ದಕ್ಕೂ ನಡೆಯುತ್ತಾನೆ. ಗಾಯಗೊಳ್ಳುತ್ತಾನೆ, ಮೈ ಬೊಜ್ಜುಗಟ್ಟುತ್ತದೆ, ಜೊತೆಗಾರರು ದೂರವಾಗುತ್ತಾರೆ, ಸತ್ತ ಪ್ರೇಯಸಿ ಭ್ರಮೆಯಾಗಿ ಕಾಡುತ್ತಾಳೆ. ಅತ್ತ ರಾಜಕುಮಾರನೂ ಹೆಂಡತಿ, ಪದವಿ, ಮಾನ ಎಲ್ಲವನ್ನೂ ಕಳೆದುಕೊಂಡು, ತಾನು ಬೇಟೆಯಾಡಲು ಹೊರಟ ಸಂಸಾರದ ನೆರಳಿಗೇ ಬಂದು ಸೇರುತ್ತಾನೆ. ಅವನ ಬಗ್ಗೆ ನಮಗೆ ಅಕ್ಕರೆ ಹುಟ್ಟಿ, ಹಳೆಯ ಕೊಲೆ ಮರೆತುಹೋಗಿರುವ ಹೊತ್ತಿಗೆ, 2018ರ ಐವತ್ಮೂರನೆಯ ಸಂಚಿಕೆಯಲ್ಲಿ ದಿ ವಿಲ್ ಅವನನ್ನು ಕೊಲ್ಲುತ್ತಾನೆ. ಐವತ್ನಾಲ್ಕನೆಯದರಲ್ಲಿ ಅದೇ ಕೈಯಿಂದ ಮಾರ್ಕೊ ಸಾಯುತ್ತಾನೆ.

ಒಂದು ತಪ್ಪಿಗೂ ಅದರ ಫಲಕ್ಕೂ ನಡುವೆ ಆರು ವರ್ಷ, ನಲವತ್ತೆಂಟು ಸಂಚಿಕೆ. ಸಿನಿಮಾದಲ್ಲಿ ಇದೇ ಎಳೆಯನ್ನು ಎರಡು ಗಂಟೆಯಲ್ಲಿ ಜೋಡಿಸಬಹುದು, ಆದರೆ ಆಗ ಕಾರಣವೂ ಕಾರ್ಯವೂ ಪಕ್ಕಪಕ್ಕದಲ್ಲಿ ಕುಳಿತು ನ್ಯಾಯ ತೀರಿತೆಂಬ ತೃಪ್ತಿ ಕೊಟ್ಟುಬಿಡುತ್ತವೆ. ಇಲ್ಲಿ ತೃಪ್ತಿಯಿಲ್ಲ. ಸಾಯುವವನು ಗುಂಡು ಹಾರಿಸಿದ ಆ ಮನುಷ್ಯನಾಗಿ ಉಳಿದಿಲ್ಲ, ಕೊಲ್ಲುವವನೂ ಪ್ರೇಯಸಿಗೆ ಕರೆ ಮಾಡಿದ ಆ ಮನುಷ್ಯನಾಗಿ ಉಳಿದಿಲ್ಲ. ದೀರ್ಘ ಧಾರಾವಾಹಿಯೊಂದು ಮಾತ್ರ ಮಾಡಬಲ್ಲ ಕೆಲಸವಿದು.

ನಿಧಾನ ಎಂದಾಗ ನಾನು ದೀರ್ಘ ಕಾಲವನ್ನಷ್ಟೇ ಹೇಳುತ್ತಿಲ್ಲ. ಹದಿನಾಲ್ಕನೆಯ ಸಂಚಿಕೆಯ ಒಂದು ಪುಟ ಇದಕ್ಕೆ ಸಾಕು. ದಿ ವಿಲ್‌ನ ಬಳಿ ಯಾರು ಸುಳ್ಳಾಡಿದರೂ ಸುಳ್ಳೆಂದು ಘೋಷಿಸುವ ಒಂದು ದೊಡ್ಡ ಬೆಕ್ಕಿದೆ. ವೇಶ್ಯಾಗ್ರಹದಿಂದ ಬಿಡಿಸಿ ತಂದ ಆರು ವರ್ಷದ ಹುಡುಗಿ ಆ ಬೆಕ್ಕಿನ ಬಳಿ ಕುಳಿತು, ಹಿಂದೆ ನಡೆದದ್ದರಿಂದ ತನ್ನ ಒಳಗೆಲ್ಲ ಕೊಳೆಯಾಗಿದೆ ಎನ್ನುತ್ತಾಳೆ. ಬೆಕ್ಕು, ಎಂದಿನಂತೆ, ಸುಳ್ಳು ಎನ್ನುತ್ತದೆ. ಕತೆ ಇದರಿಂದ ಒಂದಂಗುಲವೂ ಮುಂದೆ ಹೋಗುವುದಿಲ್ಲ. ಬೇಟೆಯ ಭರದಲ್ಲಿರುವ ಸಂಪಾದಕನೊಬ್ಬ ಮೊದಲು ಕತ್ತರಿಸುತ್ತಿದ್ದುದು ಈ ಪುಟವನ್ನೇ. ಓದುಗರು ಇಂದಿಗೂ ನೆನೆಯುವುದು ಈ ಪುಟವನ್ನೇ. ಹಣಕ್ಕೆ ಕೊಲ್ಲುವವನ ಬೆಕ್ಕು ಇದು ಎಂಬುದನ್ನು ಮರೆಯಬಾರದು. ಖಳರಿಗೂ ಬಿಡುವಿನ ಪುಟ ಕೊಟ್ಟದ್ದರಿಂದಲೇ ಈ ಸರಣಿಯಲ್ಲಿ ಖಳ ಯಾರು ಎಂದು ಬೆರಳು ತೋರಿಸುವುದು ಕಷ್ಟವಾಗುತ್ತದೆ.

ಹಾಗೆಂದು ಎಲ್ಲವನ್ನೂ ಒಪ್ಪಿಕೊಂಡು ಕೂರಲು ನನಗೆ ಮನಸ್ಸಿಲ್ಲ. ಐದನೆಯ ಸಂಪುಟದ ನಂತರ ಪ್ರತಿ ಘಟ್ಟದ ಕೊನೆಗೆ ಯಾರಾದರೊಬ್ಬರು ಸಾಯುವುದು ರೂಢಿಯಂತಾಗಿ, ಆರನೆಯ ಸಂಚಿಕೆ ಸಮೀಪಿಸಿದಂತೆ ಓದುಗರು ಬಲಿ ಯಾರೆಂದು ಲೆಕ್ಕ ಹಾಕತೊಡಗುತ್ತಾರೆ. ಹೇಝಲ್‌ಳ ಮುಗಿತಾಯದ ಸಾಲುಗಳೂ ಹಾಗೆಯೇ. ಆರಂಭದಲ್ಲಿ ಚುರುಕಾಗಿ ಕಂಡ ಉಕ್ತಿ ಐವತ್ತನೆಯ ಸಲ ಅದೇ ಜಾಗದಲ್ಲಿ ಬಂದಾಗ ಅಭ್ಯಾಸಬಲವೆನಿಸುತ್ತದೆ. ಹೊಸ ಹೊಸ ಬೇಟೆಗಾರರನ್ನು ತರುವುದರಲ್ಲೂ ಇದೇ ದಣಿವು ಕಾಣುತ್ತದೆ: ಹಳಬರ ತಪ್ಪುಗಳು ಬೆಳೆದಿರುವಾಗ ಹೊಸಬರ ಕೋವಿ ಏತಕ್ಕೆ?

ನನ್ನ ದೊಡ್ಡ ತಕರಾರು ಮಧ್ಯದ ವಿರಾಮದ ಬಗ್ಗೆ. 2018ರ ಜುಲೈಯಲ್ಲಿ ಐವತ್ನಾಲ್ಕನೆಯ ಸಂಚಿಕೆ, ಅಂದರೆ ಯೋಜನೆಯ ಸರಿಯಾಗಿ ಅರ್ಧಕ್ಕೆ, ಮಾರ್ಕೊನ ಸಾವಿನೊಂದಿಗೆ ಲೇಖಕರು ಕನಿಷ್ಠ ಒಂದು ವರ್ಷದ ಬಿಡುವು ಘೋಷಿಸಿದರು. ಅದು ಮೂರೂವರೆ ವರ್ಷವಾಯಿತು. ಐವತ್ತೈದನೆಯ ಸಂಚಿಕೆ 2022ರ ಜನವರಿಯಲ್ಲಿ ಬಂದಾಗ, ಮೊದಲ ಸಂಚಿಕೆಯಂತೆಯೇ 44 ಪುಟ, ಅದೇ 2.99 ಡಾಲರ್ ಬೆಲೆ. ಕತೆಯೊಳಗೂ ಮೂರು ವರ್ಷ ಸರಿದು ಹೇಝಲ್‌ಗೆ ಹತ್ತು ವರ್ಷವಾಗಿದೆ. ಓದುಗರ ಕಾಲವನ್ನೂ ಪಾತ್ರಗಳ ಕಾಲವನ್ನೂ ಒಂದೇ ಅಳತೆಯಲ್ಲಿ ಹೊಂದಿಸಿದ ಈ ಜಾಣ್ಮೆಯನ್ನು ಹಲವರು ಮೆಚ್ಚಿದರು. ನಾನೂ ಅರ್ಧ ಮೆಚ್ಚುತ್ತೇನೆ. ಆದರೆ ಸಣ್ಣ ಜಗಳವೊಂದರ ಮರುದಿನವನ್ನೂ ಬಿಡದೆ ಕೂತು ತೋರಿಸಿದ ಸರಣಿ, ತನ್ನ ಅತಿ ದೊಡ್ಡ ಸಾವಿನ ಮರುದಿನವನ್ನು ಹಾರಿಬಿಟ್ಟಿತು. ಅಲಾನಾ ಮೊದಲ ರಾತ್ರಿಗಳನ್ನು ಹೇಗೆ ಕಳೆದಳು, ಮಗಳಿಗೆ ಏನು ಹೇಳಿದಳು, ರಾಜಕುಮಾರನ ಅನಾಥ ಮಗನನ್ನು ಯಾವ ಮನಸ್ಸಿನಿಂದ ತನ್ನ ಮಕ್ಕಳ ಸಾಲಿಗೆ ಸೇರಿಸಿಕೊಂಡಳು ಎಂಬುದು ಆ ಬಿರುಕಿನೊಳಗೆ ಹೋಯಿತು. ತಂದೆ ಸತ್ತ ದಿನಗಳನ್ನು ಮಗಳು ನಿರೂಪಿಸಲಾರಳು, ಅದಕ್ಕೇ ಹಾರಿದ್ದಾಳೆ ಎಂದು ಸಮರ್ಥಿಸುವವರುಂಟು. ಹಾಗಿದ್ದರೆ ಆ ಹಾರುವಿಕೆಯನ್ನೂ ನಿರೂಪಕಿಯ ಒಂದು ದೋಷವೆಂದು ಓದಬೇಕಾಗುತ್ತದೆ. ತಾಯ್ತಂದೆಯರ ದೋಷಗಳನ್ನು ಅಷ್ಟು ನಿರ್ದಾಕ್ಷಿಣ್ಯವಾಗಿ ಹೇಳಿದವಳು ತನ್ನ ಸರದಿ ಬಂದಾಗ ಮುಖ ತಿರುಗಿಸಿದಳೆಂದು.

ಈ ಓದು ಸರಿಯೇ ಎಂಬುದು ಉಳಿದ ಸಂಚಿಕೆಗಳ ಮೇಲೆ ನಿಂತಿದೆ. ಎರಡನೆಯ ಅರ್ಧದಲ್ಲಿ ಹೇಝಲ್ ಬರೀ ಹೇಳುವವಳಾಗಿ ಉಳಿದಿಲ್ಲ, ಮಾಡುವವಳೂ ಆಗಿದ್ದಾಳೆ. ಕದಿಯುತ್ತಾಳೆ, ಸುಳ್ಳಾಡುತ್ತಾಳೆ, ಸಿಟ್ಟಿಗೇಳುತ್ತಾಳೆ. ಕೂಸಾಗಿದ್ದಾಗ ಅವಳ ಬದುಕು ಇತರರ ತಪ್ಪುಗಳ ಫಲವಾಗಿತ್ತು, ಈಗ ಅವಳ ಸ್ವಂತ ತಪ್ಪುಗಳ ಖಾತೆ ತೆರೆದಿದೆ. ಅವು ಫಲ ಕೊಡುವ ಸಂಚಿಕೆ ಯಾವುದೋ, ಅಲ್ಲಿಗೆ ತಲುಪಿದಾಗ ಹಿಂದಿನ ಮೌನ ಲೇಖಕರ ಆಯ್ಕೆಯೋ ಅನುಕೂಲವೋ ಎಂದು ತೀರ್ಮಾನಿಸಬಹುದು.